ಕುರಾಮಾದ ಬೆಂಕಿ ಹಬ್ಬ ನೋಡಲು ಹುಬ್ಬಳ್ಳಿ-ಧಾರವಾಡದಿಂದ ಹೋಗುವವರಿಗೆ

ಮೊದಲು ತಾರೀಖು ನೆನಪಿಡಿ: ಅಕ್ಟೋಬರ್ 22. ಪ್ರತಿ ವರ್ಷ ಅದೇ ದಿನ, ನಮ್ಮ ಜಾತ್ರೆಗಳ ಹಾಗೆ ಪಂಚಾಂಗ ನೋಡಬೇಕಿಲ್ಲ. ಜಪಾನಿನ ಕ್ಯೋಟೊ ನಗರದ ಉತ್ತರಕ್ಕೆ, ಗುಡ್ಡದ ಸಂದಿಯಲ್ಲಿ ಕುರಾಮಾ ಅಂತ ಸಣ್ಣ ಊರಿದೆ. ಅಲ್ಲಿನ ಯೂಕಿ ದೇವಸ್ಥಾನದ ಹಬ್ಬ ಇದು. ಆಗ ರಾಜಧಾನಿಯಾಗಿದ್ದ ಕ್ಯೋಟೊದ ಉತ್ತರ ದಿಕ್ಕು ಕಾಯಲಿ ಅಂತ 940ರಲ್ಲಿ ಅರಮನೆಯ ದೇವರನ್ನು ಇಲ್ಲಿಗೆ ತಂದರಂತೆ, ಊರವರು ಬೆಂಕಿ ಹಚ್ಚಿ ಬರಮಾಡಿಕೊಂಡರಂತೆ. ಆ ರಾತ್ರಿಯ ನೆನಪಿಗೇ ಈ ಹಬ್ಬ.

ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಟೋಕಿಯೊ ಹತ್ತಿರದ ನರಿತಾಕ್ಕೆ ನೇರ ವಿಮಾನ ಇದೆ. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನಲ್ಲಿ ಸುಮಾರು ಎರಡೂಕಾಲು ತಾಸು. ರೂಮು ಹುಡುಕಲು ಬೇಸಿಗೆ ಮುಗಿಯುವಷ್ಟರಲ್ಲಿ ಶುರು ಮಾಡಿಕೊಳ್ಳಿ; ವೀಸಾ ಅಷ್ಟು ಬೇಗ ಬೇಡ, ಒಂದು ಸಲದ ವೀಸಾ ಕೊಟ್ಟ ದಿನದಿಂದ ಮೂರು ತಿಂಗಳಷ್ಟೇ ನಡೆಯುತ್ತದೆ. ರೂಮು ಕುರಾಮಾದಲ್ಲಿ ಹುಡುಕಬೇಡಿ, ಕ್ಯೋಟೊದ ದೆಮಾಚಿಯನಾಗಿ ಸ್ಟೇಷನ್ ಸುತ್ತಮುತ್ತ ಹುಡುಕಿ. ಎಯ್‌ಝಾನ್ ಕಂಪನಿಯ ಪುಟ್ಟ ರೈಲು ಅಲ್ಲಿಂದಲೇ ಹೊರಡುತ್ತದೆ, ಅರ್ಧ ತಾಸಿನಲ್ಲಿ ಕುರಾಮಾ. ಹೊರಡುವ ಮೊದಲು ಆ ವರ್ಷ ಹಬ್ಬ ಇದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳಿ. 2018ರಲ್ಲಿ ಚಂಡಮಾರುತದಿಂದ ಆ ರೈಲು ದಾರಿಗೇ ಪೆಟ್ಟು ಬಿದ್ದು ಹಬ್ಬ ರದ್ದಾಗಿತ್ತು.

ಅದೇ ದಿನ ಮಧ್ಯಾಹ್ನ 12ಕ್ಕೆ ಕ್ಯೋಟೊದ ಹಳೆ ಅರಮನೆಯಿಂದ ಜಿದಾಯಿ ಮತ್ಸುರಿ ಅನ್ನೋ ದೊಡ್ಡ ಮೆರವಣಿಗೆ ಹೊರಡುತ್ತದೆ. ನೋಡಿ, ಚೆನ್ನಾಗಿರುತ್ತದೆ. ಆದರೆ ಅರಮನೆಯ ಹತ್ತಿರವೇ ಒಂದು ತಾಸು ನೋಡಿ ಎದ್ದುಬಿಡಿ, ಅದರ ಹಿಂದೆ ನಡೆದುಕೊಂಡು ಹೋದರೆ ಕುರಾಮಾ ಕೈತಪ್ಪುತ್ತದೆ. ಮೂರು ಗಂಟೆಯೊಳಗೆ ದೆಮಾಚಿಯನಾಗಿಯಲ್ಲಿರಬೇಕು. ಸಂಜೆಯಾದರೆ ಟಿಕೆಟ್ ಪಾಳಿ ಸ್ಟೇಷನ್ನಿನ ಹೊರಗೆ ಬಂದುಬಿಡುತ್ತದೆ.

ಬೇಗ ಹೋಗಿ ಅನ್ನಲು ಇನ್ನೊಂದು ಕಾರಣವೂ ಇದೆ, ನನಗೆ ಅದೇ ಮುಖ್ಯ. ಬೆಳಕಿದ್ದಾಗ ಊರಿನ ಒಂದೇ ಬೀದಿಯಲ್ಲಿ ಸುಮ್ನೆ ನಡೆಯಿರಿ. ಮನೆಗಳ ಮುಂದಿನ ಬಾಗಿಲು ತೆರೆದು, ತಲೆಮಾರಿನಿಂದ ಬಂದ ಯುದ್ಧದ ಕವಚ, ಚಿತ್ರದ ಪರದೆಗಳನ್ನು ದಾರಿಯವರಿಗೆ ಕಾಣುವಂತೆ ಇಟ್ಟಿರುತ್ತಾರೆ. ಬಾಗಿಲ ಪಕ್ಕ ಪಂಜುಗಳು ಒರಗಿರುತ್ತವೆ. ನಾನು ನಿಂತಲ್ಲಿ ಒಬ್ಬ ಅಜ್ಜ ಪಂಜಿನ ಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ. ಒಳಗೆ ಕಾಡುಗಿಡದ ಒಣ ಕಡ್ಡಿ, ಸುತ್ತ ಬಳ್ಳಿಯ ಬೇರು. ಹಗ್ಗ, ತಂತಿ ಯಾವುದೂ ಇಲ್ಲ. ದೊಡ್ಡ ಪಂಜು 80 ಕಿಲೋ ಮೀರುತ್ತದೆ, ಅದೂ ಉರಿಯುತ್ತಿರುವಾಗ ಹೊರಬೇಕು.

ಆರಕ್ಕೆ ಪೂಜೆಗೆ ಬನ್ನಿ ಅಂತ ಕೂಗುತ್ತಾರೆ, ಮನೆಮನೆಯ ಮುಂದೆ ಬೆಂಕಿ ಏಳುತ್ತದೆ. ಮೊದಲು ಮಕ್ಕಳು ಬರುತ್ತಾರೆ, ಪುಟ್ಟ ಪಂಜು ಹಿಡಿದು "ಸಾಯ್ರೇಯಾ, ಸಾಯ್ರ್ಯೋ" ಅನ್ನುತ್ತ. ನಮ್ಮ ಕಡೆ ದೀಪಾವಳಿಗೆ ಆಣೀಪೀಣಿ ಹಿಡಿದು ಮನೆಮನೆಗೆ ಹೋಗುತ್ತಿದ್ದ ಹುಡುಗರು ನೆನಪಾದರು ನನಗೆ. ಆಮೇಲೆ ದೊಡ್ಡವರು, ಹುಲ್ಲಿನ ಚಪ್ಪಲಿ, ಲಂಗೋಟಿ, ಬರೀ ತೊಡೆಯ ಮೇಲೆ ಕಿಡಿ ಬೀಳುತ್ತಿದ್ದರೂ ಹೆಜ್ಜೆ ತಪ್ಪುವುದಿಲ್ಲ.

ಎಂಟರ ಸುಮಾರಿಗೆ ಎಲ್ಲ ಪಂಜೂ ಕುರಾಮಾ ಮಠದ ದ್ವಾರದ ಮೆಟ್ಟಿಲ ಬಳಿ ಸೇರುತ್ತವೆ. ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ, ಪೊಲೀಸರು ಒಂದು ಕಡೆ ನಿಲ್ಲಲು ಬಿಡುವುದಿಲ್ಲ, ನಡೆಯುತ್ತಲೇ ಇರಿ ಅನ್ನುತ್ತಾರೆ. ಅವರೊಡನೆ ವಾದ ಬೇಡ. ಬೀದಿ ಸುತ್ತಿ ಮತ್ತೆ ಬನ್ನಿ. ದ್ವಾರದ ನೋಟ ಸಿಗದಿದ್ದರೂ ಬೇಸರ ಪಡಬೇಡಿ, ಮನೆಗಳ ಮುಂದಿನ ಬೆಂಕಿಯೇ ನನಗೆ ಜಾಸ್ತಿ ಹಿಡಿಸಿದ್ದು.

ಕಾಯಬೇಕಾದದ್ದು ಪಲ್ಲಕ್ಕಿಗೆ. ಎರಡು ಪಲ್ಲಕ್ಕಿ ಆ ಕಡಿದಾದ ಮೆಟ್ಟಿಲು ಇಳಿದು ಬರುತ್ತವೆ. ಪ್ರಾಯಕ್ಕೆ ಬಂದ ಹುಡುಗರು ಮುಂದಿನ ಕಂಬಕ್ಕೆ ತಲೆಕೆಳಗಾಗಿ, ಕಾಲು ಅಗಲಿಸಿ ಜೋತುಬೀಳುತ್ತಾರೆ, ದೊಡ್ಡವರಾದರು ಅಂತ ಲೆಕ್ಕ. ಪಲ್ಲಕ್ಕಿ ಒಮ್ಮೆಲೆ ಜಾರದಂತೆ ಹಿಂದಿನಿಂದ ಹಗ್ಗ ಹಿಡಿದು ಎಳೆಯುವವರು ಊರಿನ ಹೆಣ್ಣುಮಕ್ಕಳು. ಸಿದ್ಧಾರೂಢ ಮಠದ ತೇರಿನ ಮಿಣಿ ಎಳೆದವರಿಗೆ ಆ ಕೈಗಳ ಬಿಗಿ ತಿಳಿಯುತ್ತದೆ, ಇಲ್ಲಿ ಮಾತ್ರ ಎಳೆತ ಹಿಮ್ಮುಖ.

ಬಟ್ಟೆ ಹತ್ತಿಯದು ಅಥವಾ ಉಣ್ಣೆಯದು ಇರಲಿ. ನೈಲಾನ್ ಜಾಕೆಟ್‌ಗೆ ಕಿಡಿ ಬಿದ್ದರೆ ತೂತು ಗ್ಯಾರಂಟಿ. ಬೆಂಕಿಯಿಂದ ಹತ್ತು ಹೆಜ್ಜೆ ಸರಿದರೆ ಗುಡ್ಡದ ಥಂಡಿ ಇದೆ, ಸ್ವೆಟರ್ ಬೇಕೇ ಬೇಕು. ಸಸ್ಯಾಹಾರಿಗಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ, ಅಲ್ಲಿ ತರಕಾರಿ ಸಾರಿಗೂ ಮೀನಿನ ರಸ ಹಾಕಿರುತ್ತಾರೆ. ಫ್ಲ್ಯಾಶ್ ಹಾಕಬೇಡಿ, ಯಾರದೋ ಮನೆಯ ಅಂಗಳದ ಪೂಜೆ ಅದು.

ಹಬ್ಬ ಪೂರ್ತಿ ಮುಗಿಯುವುದು ನಡುರಾತ್ರಿ ದಾಟಿದ ಮೇಲೆ. ಕೊನೆಯ ರೈಲಿನ ಹೊತ್ತನ್ನು ಬಂದಿಳಿದ ಕೂಡಲೇ ಸ್ಟೇಷನ್ನಿನಲ್ಲಿ ಕೇಳಿ, ಕೈ ಮೇಲೆ ಬರೆದುಕೊಳ್ಳಿ. ವಾಪಸ್ ಪಾಳಿಗೇ ಒಂದು ತಾಸು ಬೇಕು, ಪಲ್ಲಕ್ಕಿ ಇಳಿದದ್ದು ನೋಡಿದ ಕೂಡಲೇ ಹೊರಡಿ.