'ಪೇಂಕಿಲ್ಲರ್' ಸದ್ಯಕ್ಕೆ ಬೇಡ: 'ಫೈರ್‌ಪವರ್' ಆಲ್ಬಂ ಕೇಳುವ ಕ್ರಮ

ಬ್ರಿಟನ್ನಿನ ಹೆವಿ ಮೆಟಲ್ ತಂಡ ಜೂಡಾಸ್ ಪ್ರೀಸ್ಟ್ ತನ್ನ ಹದಿನೆಂಟನೆಯ ಸ್ಟುಡಿಯೋ ಆಲ್ಬಂ 'ಫೈರ್‌ಪವರ್' ಹೊರತಂದದ್ದು 2018ರ ಮಾರ್ಚ್ 9ರಂದು. ಆಗ ಗಾಯಕ ರಾಬ್ ಹ್ಯಾಲ್ಫರ್ಡ್‌ಗೆ 66 ವರ್ಷ, ಗಿಟಾರ್ ವಾದಕ ಗ್ಲೆನ್ ಟಿಪ್ಟನ್‌ಗೆ 70. ನನ್ನ ಹತ್ತಿರ ಗಿಟಾರ್ ಕಲಿಯಲು ಬರುವ ಹುಡುಗರಲ್ಲಿ ಹೆಚ್ಚಿನವರು ಇದನ್ನು ಒಂದೇ ರೀತಿ ಕೇಳುತ್ತಾರೆ. ಮೊದಲು ಅದೇ ತಂಡದ 1990ರ 'ಪೇಂಕಿಲ್ಲರ್' ಜೋರಾಗಿ ಹಾಕಿ, ಮೈ ಬಿಸಿಯಾದ ಮೇಲೆ ಇದಕ್ಕೆ ಬರುತ್ತಾರೆ. ಎರಡು ಹಾಡು ಮುಗಿಯುವುದರೊಳಗೆ "ಮೊದಲಿನ ಹಾಗಿಲ್ಲ ಸಾರ್" ಎಂಬ ತೀರ್ಪು ಬಂದಿರುತ್ತದೆ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಐವತ್ತು ವರ್ಷ ಮೆಟಲ್ ಸಂಗೀತವನ್ನೇ ಉಸಿರಾಡಿದ ತಂಡದಲ್ಲಿ ಹಳೆಯದೆಷ್ಟು ಉಳಿದಿದೆ ಎಂದು ಅಳೆಯುತ್ತ ಕೂತರೆ ಏನೂ ಸಿಗದು. ಅವರು ಈಗ ಏನನ್ನು ಆರಿಸಿಕೊಂಡಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ಕೇಳಬೇಕು. ಅದಕ್ಕೆ ನಾನು ಕಲಿಸುವ ಕ್ರಮವೊಂದಿದೆ.

ಮೊದಲು ಅಳತೆಗೋಲು ಬದಲಿಸಿ. 'ಪೇಂಕಿಲ್ಲರ್' ಪ್ರೀಸ್ಟ್‌ನ ಸಾಲಿನಲ್ಲೇ ಒಂಟಿಯಾಗಿ ನಿಲ್ಲುವ ಆಲ್ಬಂ. ಡ್ರಮ್ಸ್‌ಗೆ ಸ್ಕಾಟ್ ಟ್ರಾವಿಸ್ ಹೊಸದಾಗಿ ಬಂದಿದ್ದ. ಶೀರ್ಷಿಕೆ ಗೀತೆಯಲ್ಲಂತೂ ಹ್ಯಾಲ್ಫರ್ಡ್ ಬಹುತೇಕ ಉದ್ದಕ್ಕೂ ತಾರಸ್ಥಾಯಿಯ ತುದಿಯಲ್ಲೇ ನಿಂತು ಹಾಡುತ್ತಾನೆ. ಅದರ ಮುಂದಿನ ಹಿಂದಿನ ಯಾವ ಆಲ್ಬಂ ಇಟ್ಟರೂ ಮೆತ್ತಗೆ ಕೇಳಿಸುತ್ತದೆ. 'ಫೈರ್‌ಪವರ್' ಪಕ್ಕ ಇಡಬೇಕಾದ್ದು 1980ರ 'ಬ್ರಿಟಿಷ್ ಸ್ಟೀಲ್'. ಕಾರಣ, ಎರಡರ ನಿರ್ಮಾಣದಲ್ಲೂ ಟಾಮ್ ಆಲಂ ಇದ್ದಾನೆ. 1980ರ ದಶಕದುದ್ದಕ್ಕೂ, 1988ರ 'ರ‍್ಯಾಮ್ ಇಟ್ ಡೌನ್' ತನಕ, ಪ್ರೀಸ್ಟ್‌ನ ಸ್ಟುಡಿಯೋ ಆಲ್ಬಂಗಳು ಅವನ ಕೈಯಲ್ಲಿ ಆದವು. ಮೂವತ್ತು ವರ್ಷದ ಮೇಲೆ ಅವನನ್ನು ಮತ್ತೆ ಸ್ಟುಡಿಯೋಗೆ ಕರೆದು, ಜೊತೆಗೆ ಆ್ಯಂಡಿ ಸ್ನೀಪ್‌ನನ್ನು ಕೂರಿಸಿದರು. ಸ್ನೀಪ್ ಮುಂದಿನ ತಲೆಮಾರಿನವನು. ಸಬ್ಬಾಟ್ ಎಂಬ ಬ್ರಿಟಿಷ್ ಥ್ರ್ಯಾಶ್ (ವೇಗದ ಮೆಟಲ್) ತಂಡದಲ್ಲಿ ಗಿಟಾರ್ ನುಡಿಸಿ, ಆಮೇಲೆ ನಿರ್ಮಾಪಕನಾಗಿ ಆ್ಯಕ್ಸೆಪ್ಟ್, ಮೆಗಾಡೆತ್, ಟೆಸ್ಟಮೆಂಟ್ ತಂಡಗಳ ಜೊತೆ ದುಡಿದವನು. ಹಳೆಯ ಕಿವಿಯೊಂದು, ಹೊಸ ಕಿವಿಯೊಂದು. ಈ ಜೋಡಿಯೇ ಆಲ್ಬಮ್ಮಿನ ಮೊದಲ ದೊಡ್ಡ ಆಯ್ಕೆ.

ಹಾಗಾಗಿ ಮೊದಲ ದಿನ 'ಬ್ರಿಟಿಷ್ ಸ್ಟೀಲ್' ಮಾತ್ರ ಕೇಳಿ. ಒಂಬತ್ತೇ ಹಾಡು, ಬೇಗ ಮುಗಿಯುತ್ತದೆ. ಅದು ಧ್ವನಿಮುದ್ರಣವಾದದ್ದು ಇಂಗ್ಲೆಂಡಿನ ಟಿಟನ್‌ಹರ್ಸ್ಟ್ ಪಾರ್ಕ್ ಎಂಬ ಮನೆಯಲ್ಲಿ, ಆಗ ಅದು ಬೀಟಲ್ಸ್ ತಂಡದ ಡ್ರಮ್ ವಾದಕ ರಿಂಗೊ ಸ್ಟಾರ್‌ಗೆ ಸೇರಿತ್ತು. ಬೇಕಾದ ಸದ್ದನ್ನು ಗುಂಡಿ ಒತ್ತಿ ತರಿಸುವ ಯಂತ್ರಗಳು ಕೈಗೆಟುಕದ ಕಾಲ. 'ಮೆಟಲ್ ಗಾಡ್ಸ್' ಹಾಡಿನ ಲೋಹದ ಸದ್ದಿಗೆ ಅಡುಗೆಮನೆಯ ಚಮಚ, ಮುಳ್ಳುಚಮಚಗಳನ್ನು ಅಲುಗಾಡಿಸಿದರು, 'ಬ್ರೇಕಿಂಗ್ ದ ಲಾ' ಹಾಡಿಗೆ ಹಾಲಿನ ಬಾಟಲಿ ಒಡೆದರು. ಇಲ್ಲಿ ಗಮನಿಸಬೇಕಾದ್ದು ವಾದ್ಯಗಳ ನಡುವಿನ ಖಾಲಿ ಜಾಗ. ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ಸಣ್ಣ ಸ್ವರಗುಚ್ಛ) ನುಡಿಯುತ್ತದೆ, ನಿಲ್ಲುತ್ತದೆ, ಆ ನಿಲುಗಡೆಯಲ್ಲಿ ಡ್ರಮ್ ಒಂದೇ ಏಟು ಕೊಡುತ್ತದೆ. 'ದ ರೇಜ್' ಹಾಡಿನ ಆರಂಭದಲ್ಲಿ ಇಯಾನ್ ಹಿಲ್‌ನ ಬೇಸ್ ಗಿಟಾರ್ ಒಂಟಿಯಾಗಿ ನಡೆಯುತ್ತದೆ. ಆ ಭಾಗವನ್ನು ಎರಡು ಮೂರು ಸಲ ಕೇಳಿ, ಆ ಬೇಸಿನ ನಡಿಗೆ ಕಿವಿಯಲ್ಲಿ ಕೂರಲಿ. ತಂಡದ ಮೊದಲ ಆಲ್ಬಮ್ಮಿನಿಂದ ಇಂದಿನವರೆಗೂ ಬೇಸ್ ಹಿಡಿದಿರುವವನು ಅವನೊಬ್ಬನೇ. 'ಫೈರ್‌ಪವರ್'ನಲ್ಲಿ ಅವನನ್ನು ನೀವೇ ಹುಡುಕಿಕೊಳ್ಳಬೇಕಾಗುತ್ತದೆ.

ಎರಡನೆಯ ದಿನ 'ಫೈರ್‌ಪವರ್'. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಬೇಸ್ ಪೂರ್ತಿ ಕಾಣೆಯಾಗಿ ಗಿಟಾರಿನ ಮೇಲ್ಪದರದ ಕರಕರ ಮಾತ್ರ ಉಳಿಯುತ್ತದೆ. ಸಾಧಾರಣ ಹೆಡ್‌ಫೋನ್ ಸಾಕು, ಆದರೆ ಎರಡೂ ಕಿವಿಗೆ ಹಾಕಿ. ಈಕ್ವಲೈಜರ್‌ನಲ್ಲಿ ಬೇಸ್ ಏರಿಸಿಟ್ಟಿದ್ದರೆ ತೆಗೆದುಬಿಡಿ. ಇನ್ನೊಂದು ಮಾತು ಬಹಳ ಮುಖ್ಯ. ಈಗಿನ ಮೆಟಲ್ ಆಲ್ಬಂಗಳ ಕೊನೆಯ ಹಂತದ ಹದಗೊಳಿಸುವಿಕೆಯಾದ ಮಾಸ್ಟರಿಂಗ್‌ನಲ್ಲಿ ಮೆಲುದನಿಯನ್ನೂ ಜೋರುದನಿಯನ್ನೂ ಒತ್ತಿ ಹತ್ತಿರ ತಂದಿರುತ್ತಾರೆ. 1980ರ ಮುದ್ರಣಕ್ಕೆ ಇಟ್ಟ ವಾಲ್ಯೂಮ್‌ನಲ್ಲೇ ಇದನ್ನು ಹಾಕಿದರೆ ಎಷ್ಟೋ ಜೋರಾಗಿ ಕೇಳಿಸುತ್ತದೆ. ಜೋರಾದದ್ದು ಮೊದಲ ಕ್ಷಣ ಚೆನ್ನಾಗಿದೆ ಅನ್ನಿಸುತ್ತದೆ, ಅರ್ಧ ಗಂಟೆಯಲ್ಲಿ ಕಿವಿ ಸೋಲುತ್ತದೆ. ಆ ದಣಿವನ್ನೇ ಜನ "ಹಾಡೆಲ್ಲ ಒಂದೇ ಥರ" ಎಂದು ಕರೆಯುವುದು. ಶುರುವಿನಲ್ಲೇ ವಾಲ್ಯೂಮ್ ಇಳಿಸಿಕೊಂಡು ಕೂತರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಹದಿನಾಲ್ಕು ಹಾಡು, ಹತ್ತಿರ ಹತ್ತಿರ ಒಂದು ಗಂಟೆ. ಒಂದೇ ಉಸಿರಿಗೆ ಕೇಳಬೇಕಿಲ್ಲ. ಆರನೆಯ ಹಾಡು 'ಚಿಲ್ಡ್ರನ್ ಆಫ್ ದ ಸನ್' ಮುಗಿದ ಮೇಲೆ ನಿಲ್ಲಿಸಿ, ಎದ್ದು ಓಡಾಡಿ, ಕಿವಿಗೆ ಸ್ವಲ್ಪ ಹೊತ್ತು ಸುಮ್ಮನಿರಲು ಬಿಡಿ. ಆಮೇಲೆ ಏಳನೆಯದರಿಂದ ಹಿಡಿಯಿರಿ. ಏಳನೆಯ 'ಗಾರ್ಡಿಯನ್ಸ್' ಪಿಯಾನೋದಿಂದ ತೊಡಗುವ, ಮಾತಿಲ್ಲದ, ಒಂದು ನಿಮಿಷದ ತುಣುಕು. ಅದು ಎಂಟನೆಯ 'ರೈಸಿಂಗ್ ಫ್ರಮ್ ರೂಯಿನ್ಸ್'ಗೆ ಬಾಗಿಲು. ಈ ಎರಡನ್ನು ಬೇರೆ ಮಾಡಬಾರದು. ಆ್ಯಪಿನಲ್ಲಿ ಷಫಲ್ ನಿಲ್ಲಿಸಿ. ಒಂದು ಹಾಡಿನ ಬಾಲವನ್ನು ಮುಂದಿನದರ ತಲೆಯ ಮೇಲೆ ಕರಗಿಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ನಿಲ್ಲಿಸಿ. ಪಿಯಾನೋದಿಂದ ಗಿಟಾರ್ ಏಳುವ ಆ ಜಾಗ ನನಗೆ ಇಡೀ ಆಲ್ಬಮ್ಮಿನಲ್ಲೇ ಅತಿ ಪ್ರಿಯವಾದದ್ದು.

ಮೊದಲ ಸಲ ಬರೀ ಕೇಳಿ. ತಂಡದ ಬಗ್ಗೆ ಏನನ್ನೂ ಓದಬೇಡಿ, ಮುಖ್ಯವಾಗಿ ಯಾರ ಆರೋಗ್ಯದ ಸುದ್ದಿಯನ್ನೂ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡನೆಯ ಸಲ ಕಂಠದ ಹಿಂದೆ ಹೋಗಿ. ಇಲ್ಲಿ ನಿಧಾನ ಮಾಡಿ, ಏಕೆಂದರೆ ಈ ಆಲ್ಬಮ್ಮಿನ ಸಂಪತ್ತು ಇಲ್ಲಿದೆ. ತಾರಸ್ಥಾಯಿಯ ಕೂಗು ಎಲ್ಲಿದೆ ಎಂದು ಹುಡುಕುವುದನ್ನು ಬಿಟ್ಟು ಹ್ಯಾಲ್ಫರ್ಡ್ ನಡುಸ್ಥಾಯಿಯಲ್ಲಿ ಏನು ಮಾಡುತ್ತಾನೆ ಕೇಳಿ. 'ನೆವರ್ ದ ಹೀರೋಸ್' ಸಾಮಾನ್ಯ ಮನುಷ್ಯರು ಸಿಪಾಯಿಗಳಾಗಿ ಯುದ್ಧಕ್ಕೆ ಹೋಗುವ ಹಾಡು. ಅಲ್ಲಿ ಅವನು ಕೂಗುವುದಿಲ್ಲ, ಸಾಲನ್ನು ಉದ್ದಕ್ಕೆ ಎಳೆದು ಹಾಡುತ್ತಾನೆ, ಪಲ್ಲವಿಯಲ್ಲಿ ದನಿಯ ಮೇಲೆ ದನಿ ಪದರವಾಗಿ ಕೂರುತ್ತದೆ. ಪ್ರತಿ ಪದವೂ ಸ್ಪಷ್ಟ. 'ಪೇಂಕಿಲ್ಲರ್' ಕಾಲದ ಮೂವತ್ತೊಂಬತ್ತರ ಹ್ಯಾಲ್ಫರ್ಡ್‌ನಲ್ಲಿ ಎದೆ ನಡುಗಿಸುವ ಶಕ್ತಿ ಇತ್ತು, ನಿಜ. ಈ ಭಾರ ಮಾತ್ರ ಇರಲಿಲ್ಲ. ಹೆಚ್ಚು ಎತ್ತರದ ದನಿಯನ್ನು ಅವನು ಇಲ್ಲಿ ಮುಖ್ಯ ಗಾಯನದ ಅಂಚಿಗೆ ಇಟ್ಟು, ಬೇಕಾದ ಕಡೆ ಹೊಳಪಿಗಾಗಿ ತರುತ್ತಾನೆ. ಅದನ್ನು ಬಲಹೀನತೆ ಎಂದು ಬರೆದುಕೊಳ್ಳುವ ಮೊದಲು ಕೊನೆಯ ಹಾಡು 'ಸೀ ಆಫ್ ರೆಡ್' ತನಕ ಬನ್ನಿ. ಯುದ್ಧದಲ್ಲಿ ಸತ್ತವರ ನೆನಪಿನ ಹಾಡು ಅದು. ಮೆಲ್ಲಗೆ ಶುರುವಾಗಿ, ಬಹಳ ಹೊತ್ತು ಕಂಠವೊಂದನ್ನೇ ನಂಬಿ ನಡೆಯುತ್ತದೆ. ಅಡಗಿಕೊಳ್ಳಲು ಗಿಟಾರಿನ ಗೋಡೆ ಇಲ್ಲ. ಅರವತ್ತಾರರ ಗಂಟಲನ್ನು ಹಾಗೆ ಬಯಲಲ್ಲಿ ನಿಲ್ಲಿಸುವುದಕ್ಕೆ ಧೈರ್ಯ ಬೇಕು.

ಹಾಡಿನ ಸಾಹಿತ್ಯವನ್ನು ಈ ಸುತ್ತಿನಲ್ಲೇ ಎದುರಿಗಿಟ್ಟುಕೊಳ್ಳಿ. ಕೆಲವು ಕಡೆ ಸಣ್ಣ ತಿಳಿವಳಿಕೆ ಸಹಾಯಕ್ಕೆ ಬರುತ್ತದೆ: 'ಟ್ರೇಟರ್ಸ್ ಗೇಟ್' ಎಂಬುದು ಲಂಡನ್ ಗೋಪುರಕ್ಕೆ ಥೇಮ್ಸ್ ನದಿಯ ಕಡೆಯಿಂದ ಇರುವ ನೀರಬಾಗಿಲು, ಕೈದಿಗಳನ್ನು ದೋಣಿಯಲ್ಲಿ ಅಲ್ಲಿಂದ ಒಳಗೆ ತರುತ್ತಿದ್ದರು. 'ನೆಕ್ರೋಮ್ಯಾನ್ಸರ್' ಥರದ ಹಾಡುಗಳಿಗೆ ಟಿಪ್ಪಣಿ ಬೇಡ, ತಲೆ ಆಡಿಸಿದರೆ ಸಾಕು.

ಮೂರನೆಯ ಸುತ್ತು ಗಿಟಾರಿಗೆ. ಇದು ನನ್ನ ಕಸುಬು, ಆದ್ದರಿಂದ ಒಂದು ಅಭ್ಯಾಸ ಹೇಳಿಕೊಡುತ್ತೇನೆ. 'ಲೈಟ್ನಿಂಗ್ ಸ್ಟ್ರೈಕ್' ಹಾಕಿ, ಬಲಗಿವಿಯ ಹೆಡ್‌ಫೋನ್ ಸರಿಸಿ ಎಡಗಿವಿಯಲ್ಲಿ ಮಾತ್ರ ಕೇಳಿ. ಮುಗಿದ ಮೇಲೆ ಕಿವಿ ಬದಲಿಸಿ ಮತ್ತೆ ಕೇಳಿ. ಒಂದೇ ರಿಫ್ ಎರಡು ಕಡೆಯಿಂದ ಬರುವಾಗಲೂ ತಂತಿ ಮೀಟುವ ಕಡ್ಡಿಯ ಏಟಿನಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಎರಡೂ ಕಿವಿಗೆ ಹಾಕಿದಾಗ ಆ ವ್ಯತ್ಯಾಸವೇ ಸದ್ದಿಗೆ ಅಗಲ ಕೊಡುತ್ತದೆ. ಹಳೆಯ ಗಿಟಾರ್ ವಾದಕ ಕೆ. ಕೆ. ಡೌನಿಂಗ್ 2011ರಲ್ಲಿ ತಂಡ ಬಿಟ್ಟ ಮೇಲೆ ಟಿಪ್ಟನ್ ಪಕ್ಕ ನಿಂತವನು ರಿಚೀ ಫಾಕ್ನರ್, ಹುಟ್ಟಿದ್ದು 1980ರಲ್ಲಿ, ಅಂದರೆ 'ಬ್ರಿಟಿಷ್ ಸ್ಟೀಲ್' ಬಂದ ವರ್ಷ. ತನ್ನಷ್ಟೇ ವಯಸ್ಸಿನ ರಿಫ್‌ಗಳನ್ನು ನುಡಿಸುತ್ತ ಬೆಳೆದವನು ಆ ರಿಫ್ ಕಟ್ಟಿದವನ ಜೊತೆ ಕೂತು ಹೊಸದನ್ನು ಬರೆಯುತ್ತಿದ್ದಾನೆ. ಸೋಲೋಗಳಲ್ಲಿ (ಒಬ್ಬನೇ ಮುಂದೆ ಬಂದು ನುಡಿಸುವ ಭಾಗಗಳಲ್ಲಿ) ಯಾವುದು ಯಾರದು ಎಂದು ತೀರ್ಮಾನಿಸುವ ಅವಸರ ಬೇಡ. ಸದ್ದಿನ ಬಣ್ಣ ಎಲ್ಲಿ ಬದಲಾಯಿತು, ಒಂದು ಕೈ ಎಲ್ಲಿ ಬಿಟ್ಟು ಇನ್ನೊಂದು ಎಲ್ಲಿ ಹಿಡಿಯಿತು, ಅದನ್ನು ಮಾತ್ರ ಗುರುತಿಸಿ. ಇಬ್ಬರೂ ಸೇರಿ ಒಂದೇ ರಾಗವನ್ನು ಎರಡು ಸ್ವರಗಳ ಅಂತರದಲ್ಲಿ ಜೊತೆಗೂಡಿಸುವ ಜಾಗಗಳೂ ಸಿಗುತ್ತವೆ. ಪ್ರೀಸ್ಟ್ ಕೇಳುವ ಸುಖದಲ್ಲಿ ಅರ್ಧ ಅದು.

ಡ್ರಮ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಟ್ರಾವಿಸ್‌ನ ಕಾಲುಗಳು ತಾವೇ ಕೇಳಿಸುತ್ತವೆ. ಬೇಸ್ ಹುಡುಕಲು 'ಲೋನ್ ವುಲ್ಫ್' ನೋಡಿ. ಗತಿ ನಿಧಾನ ಇರುವುದರಿಂದ ತಳದಲ್ಲಿ ಹಿಲ್ ಸಿಗುತ್ತಾನೆ.

ಈಗ ಆರೋಗ್ಯದ ವಿಷಯ. ಆಲ್ಬಂ ಬರುವ ಹಿಂದಿನ ತಿಂಗಳು, 2018ರ ಫೆಬ್ರವರಿಯಲ್ಲಿ, ಟಿಪ್ಟನ್‌ಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ತಂಡ ಬಹಿರಂಗವಾಗಿ ತಿಳಿಸಿತು. ಪ್ರವಾಸದಲ್ಲಿ ಅವನ ಜಾಗದಲ್ಲಿ ನಿರ್ಮಾಪಕ ಸ್ನೀಪ್ ಗಿಟಾರ್ ಹಿಡಿದ. ಕೆಲವು ರಾತ್ರಿ ಕೊನೆಯ ಹಾಡುಗಳಿಗೆ ಟಿಪ್ಟನ್ ವೇದಿಕೆಗೆ ಬಂದು 'ಮೆಟಲ್ ಗಾಡ್ಸ್', 'ಬ್ರೇಕಿಂಗ್ ದ ಲಾ' ನುಡಿಸಿ ಹೋದ. ಇದನ್ನು ಮೊದಲೇ ತಿಳಿದು ಕೂತರೆ ಪ್ರತಿ ಸೋಲೋವನ್ನೂ ಕನಿಕರದಿಂದ ಕೇಳುತ್ತೀರಿ, ಕನಿಕರ ಕಿವಿಯನ್ನು ಮಂಕು ಮಾಡುತ್ತದೆ. ಆ ಮನುಷ್ಯನಿಗೆ ಅದು ಬೇಕಿಲ್ಲ. ಕೇಳಿ ಮೆಚ್ಚಿದ ಮೇಲೆ ತಿಳಿದರೆ ಮೆಚ್ಚುಗೆ ಗೌರವವಾಗುತ್ತದೆ. ಬೆರಳು ಮಾತು ಕೇಳದಿರುವ ಕಾಲಕ್ಕೆ ಯಾವ ಸ್ವರ ಬೇಕು, ಯಾವುದು ಬೇಡ ಎಂದು ಆರಿಸುವುದು ಎಷ್ಟು ಕಷ್ಟ ಎಂಬುದು ಗಿಟಾರ್ ಹಿಡಿದ ಯಾರಿಗೂ ಗೊತ್ತಾಗುತ್ತದೆ.

ನಾಲ್ಕನೆಯ ಕೆಲಸ ಚಿಕ್ಕದು. 2014ರ 'ರಿಡೀಮರ್ ಆಫ್ ಸೋಲ್ಸ್' ಆಲ್ಬಮ್ಮಿನ ಮೊದಲ ಹಾಡು 'ಡ್ರ್ಯಾಗನಾಟ್' ಕೇಳಿ, ಹಿಂದೆಯೇ 'ಫೈರ್‌ಪವರ್' ಶೀರ್ಷಿಕೆ ಗೀತೆ ಕೇಳಿ. ಅದೇ ಐವರು, ನಡುವೆ ನಾಲ್ಕೇ ವರ್ಷ. ಮೊದಲನೆಯದರಲ್ಲಿ ಗಿಟಾರುಗಳು ಮಸುಕಾಗಿ, ಡ್ರಮ್ಸ್ ದೂರದಲ್ಲಿವೆ. ಎರಡನೆಯದರಲ್ಲಿ ಎಲ್ಲವೂ ಮುಖದೆದುರು ಬಂದು ನಿಲ್ಲುತ್ತದೆ. ಹಿರಿಯ ತಂಡವೊಂದು "ಮುದಿಯಾಗಿದೆ" ಎಂದು ಜನ ಹೇಳುವಾಗ ಎಷ್ಟೋ ಸಲ ಅವರು ದೂರುತ್ತಿರುವುದು ವಾದ್ಯಗಳ ಸದ್ದನ್ನು ಬೆರೆಸುವ ಮಿಕ್ಸಿಂಗ್ ಬಗ್ಗೆ, ವಯಸ್ಸಿನ ಬಗ್ಗೆ ಅಲ್ಲ.

ಆಲ್ಬಮ್ಮಿನಲ್ಲಿ ಕೊರತೆ ಇಲ್ಲವೆಂದಲ್ಲ. ಹದಿನಾಲ್ಕು ಹಾಡು ಹೆಚ್ಚಾಯಿತು. 'ಫ್ಲೇಮ್ ಥ್ರೋವರ್' ಮತ್ತು 'ಸ್ಪೆಕ್ಟರ್' ಬಿಟ್ಟಿದ್ದರೆ ಎರಡನೆಯ ಅರ್ಧ ಬಿಗಿಯಾಗುತ್ತಿತ್ತು. ಆದರೂ ಮೊದಲ ಮೂರು ಸಲ ಅವನ್ನು ದಾಟಿಸಬೇಡಿ. ಆಮೇಲೆ ನಿಮ್ಮ ಪಟ್ಟಿ ನೀವೇ ಮಾಡಿಕೊಳ್ಳಿ. ನನ್ನ ಶಿಷ್ಯೆಯೊಬ್ಬಳಿಗೆ 'ಸ್ಪೆಕ್ಟರ್' ತುಂಬ ಇಷ್ಟ, ಅವಳ ವಾದವೂ ಗಟ್ಟಿಯಾಗಿಯೇ ಇದೆ.

ಬೇರೆ ಹಿರಿಯ ತಂಡಗಳಿಗೂ ಈ ಕ್ರಮ ಹೊಂದುತ್ತದೆ, ಅಳತೆಗೋಲು ಮಾತ್ರ ಬೇರೆ ಬೇಕು. ಬ್ಲ್ಯಾಕ್ ಸಬ್ಬತ್‌ನ 2013ರ '13' ಕೇಳುವ ಮೊದಲು 1970ರ ಅವರ ಮೊದಲ ಆಲ್ಬಂ ಕೇಳಿ. ಅದು ಶುರುವಾದ ಮಳೆ, ಗುಡುಗು, ಗಂಟೆಯ ಸದ್ದಿನಲ್ಲೇ '13'ರ ಕೊನೆಯ ಹಾಡು 'ಡಿಯರ್ ಫಾದರ್' ಮುಗಿಯುತ್ತದೆ. ಐರನ್ ಮೇಡನ್‌ನ 2021ರ 'ಸೆಂಜುಟ್ಸು' ಎಂಬತ್ತು ನಿಮಿಷ ದಾಟುತ್ತದೆ, ಅದನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ಕೊನೆಯ ಮೂರು ಹಾಡು ತಂಡದ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಒಬ್ಬನೇ ಬರೆದ ಉದ್ದನೆಯ ರಚನೆಗಳು, ಅವಕ್ಕೆ ಒಂದು ದಿನ ಪೂರ್ತಿ ಬಿಡಿ.

ಪ್ರೀಸ್ಟ್‌ನಲ್ಲೇ ಮುಂದೆ ಹೋಗುವವರಿಗೆ 2024ರ ಮಾರ್ಚ್‌ನಲ್ಲಿ ಬಂದ 'ಇನ್ವಿನ್ಸಿಬಲ್ ಶೀಲ್ಡ್' ಇದೆ. ಹನ್ನೊಂದು ಹಾಡು, ನಿರ್ಮಾಣ ಸ್ನೀಪ್‌ನದು, ಬರವಣಿಗೆಯಲ್ಲಿ ಟಿಪ್ಟನ್ ಇನ್ನೂ ಇದ್ದಾನೆ. ಅದರ ಮೊದಲ ಹಾಡು 'ಪ್ಯಾನಿಕ್ ಅಟ್ಯಾಕ್' ತೊಡಗುವ ರೀತಿ 1986ರ 'ಟರ್ಬೊ' ಆಲ್ಬಮ್ಮಿನ ಸಿಂಥ್ (ಎಲೆಕ್ಟ್ರಾನಿಕ್ ಸದ್ದಿನ) ಗಿಟಾರನ್ನು ನೆನಪಿಸುತ್ತದೆ, ಆದ್ದರಿಂದ 'ಟರ್ಬೊ' ಒಮ್ಮೆ ಕೇಳಿಕೊಂಡು ಹೋಗಿ. ಇಷ್ಟೆಲ್ಲ ಆದ ಮೇಲೆ 'ಪೇಂಕಿಲ್ಲರ್' ಹಾಕಿ, ವಾಲ್ಯೂಮ್ ನಿಮಗೆ ಬೇಕಾದಷ್ಟು ಏರಿಸಿಕೊಳ್ಳಿ.