ಇ-ಮೇಲ್ ಫಿಲ್ಟರ್ ಕೆಲಸ ಮಾಡುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಬಂದ ಪತ್ರಗಳನ್ನು ನಾವು ಬರೆದ ನಿಯಮದಂತೆ ತಾನಾಗಿಯೇ ವಿಂಗಡಿಸುವ ಫಿಲ್ಟರ್ ಕೈಕೊಟ್ಟ ಕೂಡಲೇ ಬಹುತೇಕರು ಹಳೆಯ ನಿಯಮವನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ ಮತ್ತೊಂದನ್ನು ಬರೆಯುತ್ತಾರೆ. ಹೀಗೆ ನಿಯಮಗಳು ಬೆಳೆದಂತೆಲ್ಲ ಯಾವುದು ಯಾವ ಪತ್ರವನ್ನು ಎಲ್ಲಿಗೆ ಒಯ್ದಿತೆಂಬುದೇ ತಿಳಿಯದಾಗುತ್ತದೆ. ಆದ್ದರಿಂದ ಹೊಸದನ್ನು ಬರೆಯುವ ಮೊದಲು, ಇರುವ ನಿಯಮ ಚಾಲನೆಯೇ ಆಗಲಿಲ್ಲವೋ, ಚಾಲನೆಯಾದರೂ ಪತ್ರಕ್ಕೆ ಹೊಂದಲಿಲ್ಲವೋ, ಅಥವಾ ಅದಕ್ಕಿಂತ ಮೊದಲು ಬೇರೊಂದು ನಿಯಮ ಪತ್ರವನ್ನು ಸೆಳೆದುಕೊಂಡಿತೋ ಎಂಬುದನ್ನು ತಿಳಿಯಬೇಕು. ಇಲ್ಲಿನ ವಿವರಗಳು ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶಕ್ಕೆ ಸಂಬಂಧಿಸಿದವು.

ಮೊದಲು ಟೂಲ್ಸ್ ಮೆನುವಿನಲ್ಲಿ ಮೆಸೇಜ್ ಫಿಲ್ಟರ್ಸ್ ತೆರೆದು, ಮೇಲ್ಭಾಗದಲ್ಲಿ ಸರಿಯಾದ ಖಾತೆ ಆಯ್ಕೆಯಾಗಿದೆಯೇ, ನಿಯಮದ ಎದುರು ಗುರುತು ಬಿದ್ದಿದೆಯೇ ಎಂದು ನೋಡಿ. ಒಂದು ಖಾತೆಗೆ ಬರೆದ ನಿಯಮ ಇನ್ನೊಂದು ಖಾತೆಗೆ ಬಂದ ಪತ್ರವನ್ನು ಮುಟ್ಟುವುದಿಲ್ಲ.

ನಂತರ ಅದೇ ಕಿಟಕಿಯಲ್ಲಿರುವ ಫಿಲ್ಟರ್ ಲಾಗ್ ಅನ್ನು ಸಕ್ರಿಯಗೊಳಿಸಿ. ಯಾವ ನಿಯಮ ಯಾವ ಪತ್ರಕ್ಕೆ ಅನ್ವಯವಾಯಿತು, ಪತ್ರ ಎಲ್ಲಿಗೆ ಹೋಯಿತು ಎಂಬುದು ಅಲ್ಲಿ ದಾಖಲಾಗುತ್ತದೆ. ದಾಖಲೆಯೇ ಇಲ್ಲದಿದ್ದರೆ, ಪತ್ರವಿರುವ ಫೋಲ್ಡರ್ ಆರಿಸಿ ರನ್ ನೌ ಒತ್ತಿ. ಕೈಯಾರೆ ಓಡಿಸಿದಾಗ ಕೆಲಸ ಮಾಡಿ, ಹೊಸ ಪತ್ರ ಬಂದಾಗ ಮಾಡದಿದ್ದರೆ, ದೋಷವು ನಿಯಮ ಯಾವಾಗ ಓಡಬೇಕೆಂಬ ಆಯ್ಕೆಯಲ್ಲಿರುವ ಸಾಧ್ಯತೆಯೇ ಹೆಚ್ಚು. ಕೈಯಾರೆ ಓಡಿಸಿದರೂ ಪತ್ರ ಕದಲದಿದ್ದರೆ ತಪ್ಪಿರುವುದು ಷರತ್ತುಗಳಲ್ಲಿ. ಜನರು ಹೆಚ್ಚಾಗಿ ಎಡವುವುದೂ ಇಲ್ಲಿಯೇ.

ಷರತ್ತುಗಳ ಮೇಲೆ ‘ಎಲ್ಲವೂ ಹೊಂದಬೇಕು’ ಮತ್ತು ‘ಯಾವುದಾದರೊಂದು ಹೊಂದಿದರೆ ಸಾಕು’ ಎಂಬ ಅರ್ಥದ ಎರಡು ಆಯ್ಕೆಗಳಿರುತ್ತವೆ. ಕಚೇರಿಯಿಂದಲೂ ಬ್ಯಾಂಕಿನಿಂದಲೂ ಬಾರದ ಪತ್ರಗಳನ್ನು ‘ಇತರೆ’ ಫೋಲ್ಡರಿಗೆ ಕಳುಹಿಸಬೇಕೆಂದುಕೊಳ್ಳಿ. ವಿಳಾಸದಲ್ಲಿ ಕಚೇರಿಯ ಡೊಮೇನ್ (@ ಚಿಹ್ನೆಯ ನಂತರದ ಭಾಗ) ಇರಬಾರದು, ಬ್ಯಾಂಕಿನ ಡೊಮೇನ್ ಇರಬಾರದು ಎಂದು ಎರಡು ಷರತ್ತು ಬರೆದು, ‘ಯಾವುದಾದರೊಂದು’ ಎಂಬುದನ್ನು ಆರಿಸಿದರೆ, ಕಚೇರಿಯ ಪತ್ರದಲ್ಲಿ ಬ್ಯಾಂಕಿನ ಡೊಮೇನ್ ಇಲ್ಲದ ಕಾರಣಕ್ಕೂ ಬ್ಯಾಂಕಿನ ಪತ್ರದಲ್ಲಿ ಕಚೇರಿಯ ಡೊಮೇನ್ ಇಲ್ಲದ ಕಾರಣಕ್ಕೂ ಷರತ್ತು ಪೂರೈಸಿದಂತಾಗಿ, ಬಂದ ಪತ್ರಗಳೆಲ್ಲವೂ ‘ಇತರೆ’ಗೆ ಹೋಗಿಬಿಡುತ್ತವೆ. ‘ಇರಬಾರದು’ ಎಂಬ ಷರತ್ತು ಒಂದಕ್ಕಿಂತ ಹೆಚ್ಚಿದ್ದಲ್ಲಿ ‘ಎಲ್ಲವೂ’ ಎಂಬುದನ್ನೇ ಆರಿಸಬೇಕು. ಇವೆರಡನ್ನೂ ಒಂದೇ ನಿಯಮದಲ್ಲಿ ಬೆರೆಸಲು ಬರುವುದಿಲ್ಲ. ವಿಷಯದಲ್ಲಿ ‘ವರದಿ’ ಎಂದಿರಬೇಕು, ಕಳುಹಿಸಿದವರು ಇಬ್ಬರಲ್ಲಿ ಒಬ್ಬರಾಗಿರಬೇಕು ಎಂದಾದರೆ, ಒಬ್ಬೊಬ್ಬರಿಗೂ ಒಂದರಂತೆ ಎರಡು ನಿಯಮಗಳನ್ನು ಬರೆಯುವುದೇ ಸರಿಯಾದ ದಾರಿ.

ಷರತ್ತಿನಲ್ಲಿ ಬರೆದ ಪಠ್ಯವನ್ನೂ ಪರೀಕ್ಷಿಸಿ. ಬೇರೆಡೆಯಿಂದ ನಕಲಿಸಿ ಅಂಟಿಸಿದ ವಿಳಾಸದ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿದ್ದರೂ ಹೊಂದಾಣಿಕೆ ತಪ್ಪಬಹುದು. ಕರ್ಸರನ್ನು ಸಾಲಿನ ತುದಿಗೆ ಒಯ್ದು ನೋಡಿದರೆ ಅದು ಗೊತ್ತಾಗುತ್ತದೆ. ಪತ್ರವನ್ನು ಆರಿಸಿ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರ ಮೂಲರೂಪ ತೆರೆದುಕೊಳ್ಳುತ್ತದೆ. ಪಟ್ಟಿಯಲ್ಲಿ ಕಾಣುವ ಹೆಸರನ್ನು ನಂಬದೆ, ಅಲ್ಲಿರುವ ನಿಜವಾದ ವಿಳಾಸವನ್ನು ಆಧಾರವಾಗಿಟ್ಟುಕೊಳ್ಳಿ.

ಪತ್ರದಿಂದಲೇ ಫಿಲ್ಟರ್ ರಚಿಸುವ ಸುಲಭ ದಾರಿಯೊಂದು ಮೆನುವಿನಲ್ಲಿದೆ. ಅದು ಕಳುಹಿಸಿದವರ ವಿಳಾಸವನ್ನು ತುಂಬಿಕೊಡುತ್ತದೆ. ಒಬ್ಬ ವ್ಯಕ್ತಿಯ ಪತ್ರಗಳಿಗೆ ಇದು ಸಾಕು. ಒಂದು ಗುಂಪಿನ ಸದಸ್ಯರೆಲ್ಲರಿಗೂ ಪತ್ರ ತಲುಪಿಸುವ ಮೇಲಿಂಗ್ ಲಿಸ್ಟ್‌ಗಳಲ್ಲಿ ಪ್ರತಿ ಪತ್ರವನ್ನೂ ಬೇರೆ ಬೇರೆ ಸದಸ್ಯರು ಕಳುಹಿಸುವುದರಿಂದ ಅಲ್ಲಿ ಇದರಿಂದ ಪ್ರಯೋಜನವಿಲ್ಲ. ಅವುಗಳಿಗೆ 2001ರಲ್ಲಿ ಪ್ರಮಾಣೀಕರಿಸಲಾದ ಲಿಸ್ಟ್-ಐಡಿ (List-Id) ಎಂಬ ಹೆಡರನ್ನೇ, ಅಂದರೆ ಪತ್ರದ ಮೂಲರೂಪದ ಮೇಲ್ಭಾಗದಲ್ಲಿ ಪಟ್ಟಿಯ ಗುರುತನ್ನು ಹೇಳುವ ಸಾಲನ್ನೇ ಬಳಸಿ. ಷರತ್ತಿನ ಮೊದಲ ಪಟ್ಟಿಯ ಕೊನೆಯಲ್ಲಿರುವ ಕಸ್ಟಮೈಸ್ ಆರಿಸಿ, ಆ ಹೆಸರನ್ನು ಕೋಲನ್ ಚಿಹ್ನೆಯಿಲ್ಲದೆ ಸೇರಿಸಬೇಕು.

ಇನ್ನು ಉಳಿದದ್ದು ಅನುಕ್ರಮ. ನಿಯಮಗಳು ಮೇಲಿನಿಂದ ಕೆಳಕ್ಕೆ ಓಡುತ್ತವೆ, ಮತ್ತು ಒಂದು ನಿಯಮ ಪತ್ರವನ್ನು ಬೇರೆಡೆಗೆ ಸರಿಸಿದ ಮೇಲೆ ಕೆಳಗಿನವು ಆ ಪತ್ರಕ್ಕೆ ಅನ್ವಯವಾಗುವುದಿಲ್ಲ. ಪತ್ರಕ್ಕೆ ಟ್ಯಾಗ್ (ಗುರುತಿನ ಹೆಸರು) ಹಾಕುವ ನಿಯಮಗಳು ಮೇಲೆ, ಸರಿಸುವ ನಿಯಮಗಳು ಕೆಳಗೆ ಇರಲಿ. ಸರಿಸಬೇಕಾದ ಫೋಲ್ಡರನ್ನೇ ಅಳಿಸಿಬಿಟ್ಟಿದ್ದರೆ ಆ ನಿಯಮ ನಿಷ್ಕ್ರಿಯವಾಗುತ್ತದೆ. ಹೊಸ ನಿಯಮಕ್ಕೆ ಎಂದಿಗೂ ನೇರವಾಗಿ ಅಳಿಸುವ ಕ್ರಮವನ್ನು ಕೊಡಬೇಡಿ. ಕೆಲಕಾಲ ಪತ್ರಗಳು ಒಂದು ಪರೀಕ್ಷಾ ಫೋಲ್ಡರಿಗೆ ಹೋಗಲಿ. ಇನ್‌ಬಾಕ್ಸನ್ನು ತಾನಾಗಿಯೇ ಶುಚಿಗೊಳಿಸುವುದಾಗಿ ಹೇಳಿಕೊಳ್ಳುವ ಆಡ್-ಆನ್‌ಗಳಿಂದಲೂ (ಥಂಡರ್‌ಬರ್ಡ್‌ಗೆ ಸೇರಿಸುವ ಹೆಚ್ಚುವರಿ ಸಾಧನಗಳಿಂದಲೂ) ದೂರವಿರಿ. ಏನನ್ನು, ಯಾವ ಕಾರಣಕ್ಕೆ ಸರಿಸಿದೆನೆಂದು ಹೇಳದ ಸಾಧನವಿದ್ದರೆ ದೋಷ ಹುಡುಕುವುದು ಇನ್ನಷ್ಟು ಕಷ್ಟವಾಗುತ್ತದೆ.

ಒಂದೇ ಖಾತೆಯನ್ನು ಎರಡು ಕಂಪ್ಯೂಟರ್‌ಗಳಲ್ಲಿ ಬಳಸುವವರು ನಿಯಮಗಳನ್ನು ಒಂದರಲ್ಲಿ ಮಾತ್ರ ಇಟ್ಟುಕೊಳ್ಳಬೇಕು. ಈ ನಿಯಮಗಳು ಓಡುವುದು ಥಂಡರ್‌ಬರ್ಡ್ ತೆರೆದಿರುವಾಗ ಮಾತ್ರ. ಅದು ಮುಚ್ಚಿರುವಾಗಲೂ ಪತ್ರಗಳು ವಿಂಗಡಣೆಯಾಗಬೇಕಿದ್ದರೆ ನಿಯಮವನ್ನು ಮೇಲ್ ಸರ್ವರಿನಲ್ಲೇ ಬರೆಯಬೇಕು. ಎಲ್ಲವೂ ಸರಿಹೋದ ಬಳಿಕ ಥಂಡರ್‌ಬರ್ಡ್ ಮುಚ್ಚಿ, ಅದು ನಿಮ್ಮ ಪತ್ರಗಳನ್ನೂ ಆಯ್ಕೆಗಳನ್ನೂ ಇಟ್ಟಿರುವ ಪ್ರೊಫೈಲ್ ಫೋಲ್ಡರಿನಲ್ಲಿ ಆ ಖಾತೆಯ ಒಳಗಿರುವ, ನಿಯಮಗಳನ್ನು ಹಿಡಿದಿಡುವ ‘msgFilterRules.dat’ ಕಡತದ ಪ್ರತಿಯೊಂದನ್ನು ಬೇರೆಡೆ ತೆಗೆದಿಡಿ.