ಬಾವಿಯೊಳಗಿನ ಬಿರುಕನ್ನು ಕ್ಯಾಮೆರಾದಲ್ಲಿ ಅಳೆದ ಬಗೆ

ಬಾಗಲಕೋಟೆ ಸುತ್ತಮುತ್ತಲ ತೋಟಗಳಲ್ಲಿ ಕಲ್ಲು ಕಟ್ಟಿದ ಹಳೇ ಬಾವಿಗಳು ಇನ್ನೂ ಇವೆ. ನೀರಿನೊಳಗೆ ಗೋಡೆ ಎಲ್ಲಿ ಬಿರುಕು ಬಿಟ್ಟಿದೆ ಅಂತ ನೋಡಲು ನಾನು ಮುಂದೆ ಗಾಜಿರುವ, ನೀರು ಹೋಗದ ಡಬ್ಬಿಯಲ್ಲಿ ಕ್ಯಾಮೆರಾ ಇಳಿಸುತ್ತೇನೆ. ಬಾವಿಯ ಯಜಮಾನರು ಕೇಳುವುದು ಒಂದೇ ಮಾತು, "ಎಷ್ಟ್ ಅಗಲ ಐತ್ರಿ ಸರ್?" ಅದಕ್ಕೆ ಸುಮ್ನೆ ಫೋಟೊ ತೋರಿಸಿದರೆ ಸಾಲದು, ಅಳತೆ ಹೇಳಬೇಕು.

ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಸುಮಾರು 1.33. ನೀರಿನಿಂದ ಗಾಜು ದಾಟಿ ಡಬ್ಬಿಯೊಳಗಿನ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಹಾಗಾಗಿ ಚಪ್ಪಟೆ ಗಾಜಿನ ಹಿಂದಿನ ಕ್ಯಾಮೆರಾಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಹೊರಗೆ ಗಾಳಿಯಲ್ಲಿ ಮಾಡಿದ ಕ್ಯಾಲಿಬ್ರೇಶನ್ (ಚಿತ್ರದಲ್ಲಿ ಕಾಣುವುದನ್ನು ನಿಜವಾದ ಅಳತೆಗೆ ಹೊಂದಿಸುವ ಲೆಕ್ಕ) ನಂಬಿದರೆ 9 ಮಿ.ಮೀ. ಬಿರುಕು 12 ಮಿ.ಮೀ. ಆಗುತ್ತದೆ. 1.33ರಿಂದ ಭಾಗಿಸಿದರೆ ಆಯ್ತಲ್ವಾ? ಚಿತ್ರದ ನಡುವೆ ಆಯ್ತು, ಅಂಚಿನಲ್ಲಿ ಇಲ್ಲ. ಓರೆಯಾಗಿ ಬರುವ ಬೆಳಕು ಇನ್ನೂ ಜಾಸ್ತಿ ಬಾಗುತ್ತದೆ. ಅಂಚಿನ ನೇರ ಗೆರೆಗಳು ನಡುವೆ ಒಳಕ್ಕೆ ಬಳುಕುತ್ತವೆ, ಮೂಲೆಗಳು ಹೊರಕ್ಕೆ ಎಳೆದುಕೊಳ್ಳುತ್ತವೆ.

ಅದಕ್ಕೇ ನಾನು ನೀರಿನಲ್ಲೇ ಕ್ಯಾಲಿಬ್ರೇಶನ್ ಮಾಡುತ್ತೇನೆ. ಅದಕ್ಕೆ ಅಳತೆ ಗೊತ್ತಿರುವ ಕಪ್ಪು-ಬಿಳಿ ಚೌಕಗಳ ಹಲಗೆ ಬೇಕು. ಕಾಗದ ನೆನೆಯುತ್ತದೆ, ಪ್ಲೈವುಡ್ ಉಬ್ಬುತ್ತದೆ. ಪಾಲಿಶ್ ಮಾಡಿದ ಇಳಕಲ್ ಗ್ರಾನೈಟ್ ತುಂಡಿನ ಮೇಲೆ ವಿನೈಲ್ ಸ್ಟಿಕ್ಕರ್ ಅಂಟಿಸಿಕೊಂಡೆ. ಸೊಟ್ಟ ಆಗಲ್ಲ, ತೇಲಲ್ಲ. ಇದಕ್ಕಿಂತ ಒಳ್ಳೆಯ ಹಲಗೆ ನಾನು ಕಂಡಿಲ್ಲ. ಹೊಳೆಯುವ ಸ್ಟಿಕ್ಕರ್ ಮಾತ್ರ ಬೇಡ, ಲೈಟ್ ಬಿದ್ದ ಕಡೆ ಚೌಕವೇ ಅಳಿಸಿಹೋಗುತ್ತದೆ.

ಡಬ್ಬಿಯಲ್ಲಿ ಲೆನ್ಸ್ ಗಾಜಿಗೆ ಆದಷ್ಟು ಹತ್ತಿರ, ನೇರವಾಗಿ ಕೂರಬೇಕು. ಇದು ಬಹಳ ಮುಖ್ಯ. ಲೆನ್ಸ್ ಹಿಂದೆ ಸರಿದಷ್ಟೂ ಬೆಳಕಿನ ಕಿರಣಗಳು ಒಂದೇ ಬಿಂದುವಿಗೆ ಬಂದು ಸೇರುವುದಿಲ್ಲ. ಆಗ ಅರ್ಧ ಮೀಟರಿಗೆ ಸರಿಹೋದ ಲೆಕ್ಕ ಎರಡು ಮೀಟರಿಗೆ ಹೊಂದುವುದಿಲ್ಲ. ಹೀಗಾಗಿ ಬಾವಿಯಲ್ಲಿ ಗೋಡೆಯಿಂದ ಎಷ್ಟು ದೂರ ನಿಲ್ಲಿಸುತ್ತೇನೋ, ಮನೆಯ ಸಿಮೆಂಟ್ ತೊಟ್ಟಿಯಲ್ಲೂ ಹಲಗೆಯನ್ನು ಅಷ್ಟೇ ದೂರದ ಆಸುಪಾಸಿನಲ್ಲಿ ಇಡುತ್ತೇನೆ. ಹಲಗೆಯನ್ನು ಬೇರೆ ಬೇರೆ ಕಡೆ ಓರೆ ಮಾಡಿ, ಚಿತ್ರದ ನಾಲ್ಕೂ ಮೂಲೆಗೆ ಒಯ್ದು ಫೋಟೊ ತೆಗೆಯುತ್ತೇನೆ. ಮೊದಲು ಗಾಜಿಗೆ ಅಂಟಿದ ಗುಳ್ಳೆಗಳನ್ನು ಕೈಯಿಂದ ಒರೆಸಬೇಕು. ಉಳಿದ ಲೆಕ್ಕ ಓಪನ್‌ಸಿವಿ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್ ಮಾಡಿಕೊಳ್ಳುತ್ತದೆ. ಅಂಚಿನಲ್ಲಿ ಕೆಂಪು, ನೀಲಿ ಬಣ್ಣ ಬೇರೆಯಾಗಿ ಗೆರೆ ಮಸುಕಾಗುವುದರಿಂದ ನಾನು ಹಸಿರು ಚಾನೆಲ್, ಅಂದರೆ ಚಿತ್ರದ ಹಸಿರು ಬಣ್ಣದ ಭಾಗ ಮಾತ್ರ ಬಳಸುತ್ತೇನೆ.

ಪ್ರೋಗ್ರಾಂ ತೋರಿಸುವ ಎರರ್ (ಚೌಕದ ಮೂಲೆ ಲೆಕ್ಕದಲ್ಲಿ ಬಂದ ಜಾಗಕ್ಕೂ ಫೋಟೊದಲ್ಲಿ ಕಂಡ ಜಾಗಕ್ಕೂ ಇರುವ ವ್ಯತ್ಯಾಸ) ಅರ್ಧ ಪಿಕ್ಸೆಲ್‌ಗಿಂತ ಕಡಿಮೆ ಬಂದರೂ ಅಷ್ಟಕ್ಕೇ ನಂಬುವುದಿಲ್ಲ. ಸ್ಟೀಲ್ ಸ್ಕೇಲನ್ನು ನೀರಿನಲ್ಲಿಟ್ಟು ನಡುವೆ ಒಮ್ಮೆ, ಅಂಚಿನಲ್ಲಿ ಒಮ್ಮೆ ಅಳೆದು ನೋಡುತ್ತೇನೆ. ಎರಡೂ ಕಡೆ ತಾಳೆಯಾದರೆ ಮಾತ್ರ ಕ್ಯಾಮೆರಾ ಬಾವಿಗೆ ಇಳಿಯುತ್ತದೆ. ಡಬ್ಬಿ ಬಿಚ್ಚಿ ಲೆನ್ಸ್ ಜಾಗ ಒಂಚೂರು ಸರಿದರೂ ಮತ್ತೆ ತೊಟ್ಟಿಯಿಂದಲೇ ಶುರು.